ಅಧ್ಯಕ್ಷರಿಗೆ ಸಂದ ಬಾಗಿನ

"ಟೈಮ್ ಸಾಲದು ಅನ್ನೋದೆಲ್ಲ ಸೋಮಾರಿಗಳ ಮಾತು ಕಣೇ! ಈ ತಿಂಗಳು ನೋಡ್ತಾ ಇರು. ಕಾಲೇಜು, ಸಂಘ, ಸಂಸಾರ, ಮೂರನ್ನೂ ಒಟ್ಟಿಗೇ ನಿಭಾಯಿಸಿ ತೋರಿಸ್ತೀನಿ!"

ಪ್ರೊಫೆಸರ್ ಗಂಗಾಧರ ಹೀಗೆ ಗರ್ಜಿಸಿದಾಗ ಅವರ ಹೆಂಡತಿ ರತ್ನಾವತಿ ಕಾಯಿ ತುರಿಯುವ ಕೈಯನ್ನು ನಿಲ್ಲಿಸಲೂ ಇಲ್ಲ.

"ಒಟ್ಟಿಗೆ ಬೇಡ ರೀ, ಬೇರೆ ಬೇರೆಯಾಗೇ ನಿಭಾಯಿಸಿ. ಅಷ್ಟು ಮಾಡಿದ್ರೆ ಸಾಕು," ಎಂದರು.

ಆ ಭಾದ್ರಪದದಲ್ಲಿ ಪ್ರೊಫೆಸರರ ತಲೆಯ ಮೇಲಿದ್ದ ಭಾರವೇನು ಸಣ್ಣದಲ್ಲ. ಚೆನ್ನೈನ ಅವರ ಕಾಲೇಜಿಗೆ ಉತ್ತರದಿಂದ ಮೂವರು ಪ್ರಾಧ್ಯಾಪಕರ ಪರಿಶೀಲನಾ ಸಮಿತಿ ಬರುವುದಿತ್ತು. ಅವರನ್ನು ಸತ್ಕರಿಸುವ ಹೊಣೆ ಗಂಗಾಧರರದು. ಕನ್ನಡ ಸಂಘದ ಗಣೇಶೋತ್ಸವವಿತ್ತು. ಕಾರ್ಯದರ್ಶಿ ಯಾರು? ಗಂಗಾಧರ! ಇವೆರಡರ ನಡುವೆ ಮನೆಯ ಗೌರಿ ಹಬ್ಬ. ತಮಿಳುನಾಡಿನಲ್ಲಿ ಗಣಪತಿಗೆ ಸರ್ಕಾರಿ ರಜೆಯುಂಟು, ಅವನ ಹೆತ್ತಮ್ಮನಿಗಿಲ್ಲ. ಹೀಗಾಗಿ ಸಮಿತಿ ಸರಿಯಾಗಿ ಗೌರಿ ಹಬ್ಬದ ದಿನವೇ ಬಂದಿಳಿಯುವುದೆಂದು ಗೊತ್ತಾಯಿತು.

ರತ್ನಾವತಿಗೆ ಸಮಿತಿಯೂ ಬೇಕಿರಲಿಲ್ಲ, ಸಂಘವೂ ಬೇಕಿರಲಿಲ್ಲ. ಅವರ ಜೀವವೆಲ್ಲ ಒಂದೇ ಒಂದು ಬಾಗಿನದ ಮೇಲಿತ್ತು. ಕೋಡಂಬಾಕ್ಕಂನಲ್ಲಿದ್ದ ಅಕ್ಕ ಸರಸ ಒಂದೂವರೆ ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಏನು ಗೊತ್ತೇ? ಒಂದು ದಿನ ಊಟಕ್ಕೆ ಬಂದ ಸರಸ, "ಮದ್ರಾಸಿಗೆ ಬಂದು ನಿನ್ನ ಸಾರು ರಸಂ ಆಗೋಯ್ತಲ್ಲೇ!" ಎಂದಿದ್ದರು. ರತ್ನಾವತಿ, "ಹಂಗಾದ್ರೆ ನಿಮ್ಮನೇಲೇ ಉಣ್ಣು," ಎಂದಿದ್ದರು. ಅಷ್ಟೇ! ಎರಡು ಮನೆಗಳ ನಡುವೆ ಫೋನು ಸತ್ತಿತು. ಈ ಗೌರಿಗೆ ಅಕ್ಕನ ಮನೆ ಬಾಗಿಲಿಗೆ ತಾವೇ ಹೋಗಿ, ಸೆರಗು ಹಿಡಿದು ಬಾಗಿನ ಕೊಟ್ಟು ಎಲ್ಲ ಸರಿಮಾಡಿಕೊಳ್ಳುವುದೆಂದು ರತ್ನಾವತಿ ನಿಶ್ಚಯಿಸಿದ್ದರು.

ಮೊರ ತರಲು ಪ್ರೊಫೆಸರರು ಮೈಲಾಪುರಕ್ಕೆ ಹೋದರು. ಬಿದಿರಿನ ಹೊಸ ಮೊರಗಳನ್ನು ಕಂಡದ್ದೇ ತಡ, ಅವರ ಮೆದುಳಿನಲ್ಲಿ ದೀಪ ಹೊತ್ತಿಕೊಂಡಿತು. ಅತಿಥಿಗಳಿಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಣ್ಣು ಕೊಡುವುದೇಕೆ? ಮೊರದಲ್ಲೇ ಕೊಟ್ಟರೆ ಪರಿಸರವೂ ಉಳಿಯಿತು, ಸಂಸ್ಕೃತಿಯೂ ಬೆಳಗಿತು! ಮೂರು ಜೊತೆ ಹೆಚ್ಚಿಗೆ ಕೊಂಡರು. ಪ್ರತಿಯೊಂದರಲ್ಲೂ ಸೇಬು, ಶಾಲು, ಗಂಧದ ಹಾರ, ಹಿತ್ತಾಳೆಯ ಫಲಕ. ಮೇಲೆ ಇನ್ನೊಂದು ಮೊರ ಮುಚ್ಚಿ ಹಳದಿ ದಾರ ಬಿಗಿದರು. ಸಾಕ್ಷಾತ್ ಬಾಗಿನದ ಹಾಗೇ ಕಾಣುತ್ತಿದ್ದವು. ಅದೇ ಅವರ ಹೆಮ್ಮೆ, ಅದೇ ಅವರ ಗ್ರಹಚಾರ.

ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ರತ್ನಾವತಿ ಅಕ್ಕನ ಬಾಗಿನವನ್ನು ಮಗುವಿನಂತೆ ಎತ್ತಿ ತಂದು ಮಾರುತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಸಂಜೆ ಗಂಡ ಮೇಲೆ ಹತ್ತುವ ಹಾಗಿಲ್ಲ, ಕೆಳಗಿನಿಂದಲೇ ಹಾರ್ನ್ ಹೊಡೆಯುವುದು, ಸೀದಾ ಕೋಡಂಬಾಕ್ಕಂ. ಇದೂ ಪ್ರೊಫೆಸರರದೇ ಯೋಜನೆ. ಆದರೆ ಸಂಘದ ಮಣ್ಣಿನ ಗಣಪತಿಯನ್ನೂ ಅದೇ ಕಾರಿನಲ್ಲಿ ಸಾಗಿಸಬೇಕಿತ್ತು. ಸೊಂಡಿಲು ಮುರಿದರೆ ಸಂಘವೇ ಮುರಿದಂತೆ! ಆದ್ದರಿಂದ ಮಗ ಗಣಪತಿಯನ್ನು ಮುಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ, ತಾಯಿ ಗೌರಿಯ ಬಾಗಿನವನ್ನು ಹಿಂದಿನ ಸೀಟಿನ ಮೊರಗಳ ಜೊತೆಗೆ ತಳ್ಳಿದರು.

ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದ ಮಗಳು ಗಗನಾ ಕಿಟಕಿಯಲ್ಲಿ ಇಣುಕಿದಳು.

"ಅಪ್ಪಾ, ಎಲ್ಲಾಮೇ ಒರೇ ಮಾದಿರಿ ಇರುಕ್ಕೇ! ಅಮ್ಮಾವೋಡದು ಎದು?"

ಎಲ್ಲ ಒಂದೇ ಥರ ಇದೆಯಲ್ಲ, ಅಮ್ಮನದು ಯಾವುದು? ಆ ತಿಂಗಳಲ್ಲಿ ಆ ಮನೆಯಲ್ಲಿ ಯಾರಾದರೂ ಕೇಳಿದ ಏಕೈಕ ಬುದ್ಧಿವಂತ ಪ್ರಶ್ನೆ ಅದು. ಆದರೆ ಕಾರ್ಯದರ್ಶಿಗಳ ಕಿವಿಗೆ ಬಿದ್ದದ್ದು ಭಾಷೆ ಮಾತ್ರ.

"ಕನ್ನಡದಲ್ಲಿ ಕೇಳು! ಸಂಘದ ಸೆಕ್ರೆಟರಿ ಮಗಳಾಗಿ ಬೀದಿಯಲ್ಲಿ ನಿಂತು ತಮಿಳಲ್ಲಿ ಕೇಳ್ತೀಯಲ್ಲ!"

"ಅದು... ಎಲ್ಲಾ ಮೊರ... ಪರವಾಯಿಲ್ಲಪ್ಪಾ, ಬಸ್ ವಂದುಡುಚ್ಚು!" ಎಂದು ಗಗನಾ ಬಂದು ನಿಂತ ಬಸ್ಸಿನತ್ತ ಓಡಿದಳು.

ಕಾಲೇಜು ತಲುಪಿ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಮೊಬೈಲು ಕೂಗಿತು. ಸಂಘದ ಅಧ್ಯಕ್ಷೆ ಜಯಲಕ್ಷ್ಮೀ.

"ಗಂಗಾಧರ್, ಗಣಪತಿ ಎಲ್ರೀ?"

"ನನ್ನ ಪಕ್ಕದಲ್ಲೇ ಇದಾನೆ ಮೇಡಂ, ಬೆಲ್ಟ್ ಹಾಕಿದೀನಿ!" ಎನ್ನುತ್ತ, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿ, ಕೈಗೆ ಬಂದ ಮೂರು ಮೊರಗಳನ್ನು ಎತ್ತಿಕೊಂಡು ಸಭಾಂಗಣಕ್ಕೆ ನಡೆದರು.

ವೇದಿಕೆಯ ಮೇಲೆ ಪ್ರಾಂಶುಪಾಲರು ಹಿಗ್ಗಿಹೋಗಿದ್ದರು. "ನಮ್ಮ ಪ್ರೊಫೆಸರ್ ಗಂಗಾಧರ ಅವರ ವಿಶೇಷ ಕಲ್ಪನೆ! ಸಮಿತಿಯ ಅಧ್ಯಕ್ಷರು ದಯವಿಟ್ಟು ಇಲ್ಲೇ ಬಿಚ್ಚಬೇಕು!"

ಅಧ್ಯಕ್ಷರು ಬಿಚ್ಚಿದರು. ಮೊದಲು ಹಸಿರು ಗಾಜಿನ ಬಳೆ ಹೊರಬಂತು. ಆಮೇಲೆ ಕುಂಕುಮದ ಭರಣಿ. ಆಮೇಲೆ ಕರಿಮಣಿ, ರವಿಕೆ ಕಣ, ಪುಟ್ಟ ಕನ್ನಡಿ. ಕೊನೆಗೆ ಬಾಚಣಿಗೆ. ಅಧ್ಯಕ್ಷರು ಬಾಚಣಿಗೆಯನ್ನು ತಿರುಗಿಸಿ ನೋಡಿ, ಕೂದಲ ಸುಳಿವೇ ಇಲ್ಲದ ತಮ್ಮ ತಲೆಯನ್ನು ಸವರಿಕೊಂಡರು.

ಅದು ಅಕ್ಕನಿಗೆಂದು ಇಟ್ಟ ಬಾಗಿನವೆಂದು ಪ್ರೊಫೆಸರರಿಗೆ ಹೊಳೆಯಿತು. ಆದರೆ ನಾಲಿಗೆ ಮಾತ್ರ ತಾನಾಗಿಯೇ ಹೊರಟಿತು: "ಸರ್, ಇದು ನಮ್ಮ ಕರ್ನಾಟಕದಲ್ಲಿ ಅತ್ಯುನ್ನತ ಗೌರವ! ದೇವಿಯ ಸಮಾನರಾದವರಿಗೆ ಮಾತ್ರ ಸಲ್ಲುತ್ತದೆ!"

ಚಪ್ಪಾಳೆಯೋ ಚಪ್ಪಾಳೆ! ಸಭೆ ಮುಗಿದ ಮೇಲೆ ಗಂಗಾಧರ ಅಧ್ಯಕ್ಷರ ಹಿಂದೆ ಹಿಂದೆಯೇ ಓಡಿ, "ವಿಮಾನದಲ್ಲಿ ಭಾರವಾಗುತ್ತೆ, ಕೊಡಿ ಸರ್, ಕೊರಿಯರ್ ಮಾಡ್ತೀನಿ," ಎಂದು ಅಂಗಲಾಚಿದರು. ಅಧ್ಯಕ್ಷರು ಮೊರವನ್ನು ಎದೆಗವಚಿಕೊಂಡು, "ಅತ್ಯುನ್ನತ ಗೌರವವನ್ನು ಕೊರಿಯರ್‌ನಲ್ಲಿ ಕಳಿಸೋದೇ?" ಎಂದು ನಡೆದುಬಿಟ್ಟರು.

ಸಂಜೆ ಪ್ರೊಫೆಸರರು ಗಣಪತಿಯನ್ನು ಸಂಘಕ್ಕೆ ಇಳಿಸಿ ಮನೆಗೆ ಬಂದರು. ಹಾರ್ನ್ ಕೇಳಿ ರತ್ನಾವತಿ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಇಳಿದು ಬಂದರು. ಹೇಳಿಬಿಡೋಣವೆಂದು ಪ್ರೊಫೆಸರರು ಬಾಯಿ ತೆರೆದರು.

"ಇವತ್ತೊಂದು ದಿನ ಎಡವಟ್ಟು ಆಗ್ಬಾರ್ದು ರೀ," ಎಂದರು ರತ್ನಾವತಿ. "ಅಕ್ಕ ಇಲ್ಲದೆ ಹಬ್ಬ ಮಾಡಿ ಮಾಡಿ ನನಗೆ ಸಾಕಾಗಿದೆ." ಅವರ ಕಣ್ಣು ತುಂಬಿತ್ತು.

ಪ್ರೊಫೆಸರರು ಬಾಯಿ ಮುಚ್ಚಿದರು. ಬಾಗಿನವನ್ನು ಯಾರೂ ಎದುರಿಗೇ ಬಿಚ್ಚುವುದಿಲ್ಲವೆಂದು ಸಮಾಧಾನ ಹೇಳಿಕೊಳ್ಳುತ್ತ ಗಾಡಿ ಓಡಿಸಿದರು.

ಸರಸ ಬಾಗಿಲು ತೆರೆದರು, ತಂಗಿಯನ್ನು ನೋಡಿದರು, ಕೈಹಿಡಿದು ಒಳಗೆ ಎಳೆದುಕೊಂಡರು. ಬಾಗಿನ ಕೈ ಬದಲಾಯಿತು. "ನನಗೇಂತ ಏನೇನು ತಂದಿದೀಯೋ ನೋಡೇ ಬಿಡ್ತೀನಿ ಕಣೇ!" ಎಂದು ಸರಸ ಅಲ್ಲೇ ದಾರ ಕಿತ್ತರು.

ಸೇಬು. ಗಂಡಸರ ಶಾಲು. ಗಂಧದ ಹಾರ.

"ಇದೇನೇ?" ಸರಸ ಹಾರವನ್ನು ಎತ್ತಿ ಹಿಡಿದರು. "ಫೋಟೋಗೆ ಹಾಕೋ ಹಾರ! ನಾನಿನ್ನೂ ಬದುಕಿದೀನಲ್ಲೇ!" ಫಲಕವನ್ನು ಎತ್ತಿ ಗಟ್ಟಿಯಾಗಿ ಓದಿದರು. ಇಂಗ್ಲಿಷಿನಲ್ಲಿ ಕೆತ್ತಿದ್ದುದರ ಅರ್ಥ ಇಷ್ಟು: ತಾವು ಬಂದು ನಮ್ಮನ್ನು ಪರಿಶೀಲಿಸಿದ್ದಕ್ಕೆ ಕೃತಜ್ಞತೆಗಳು.

"ಓಹೋ! ನಿನ್ನ ಸಾರು ರುಚಿ ನೋಡಿದ್ದಕ್ಕೆ ಹಿತ್ತಾಳೇಲಿ ಕೆತ್ತಿಸಿ ಹಂಗಿಸ್ತೀಯಾ?"

"ಅಯ್ಯೋ ಅಕ್ಕಾ, ನನಗೇನೂ ಗೊತ್ತಿಲ್ಲ!" ರತ್ನಾವತಿ ಅಳುತ್ತ ನಿಧಾನವಾಗಿ ತಿರುಗಿದರು. "ರೀ... ನಮ್ಮ ಬಾಗಿನ ಎಲ್ರೀ?"

ಪ್ರೊಫೆಸರರು ಚಪ್ಪಲಿ ಹುಡುಕುತ್ತಿದ್ದರು. "ಅದು... ಕಮಿಟಿ ಅಧ್ಯಕ್ಷರಿಗೆ ಹೋಯ್ತು."

"ಬಳೆ?"

"ಅವರಿಗೇ."

"ಬಾಚಣಿಗೆ?"

"ಅದೂ ಅವರಿಗೇ. ಅವರಿಗೆ ಕೂದಲಿಲ್ಲ."

ಮೊದಲು ನಕ್ಕವರು ಸರಸ. ಆಮೇಲೆ ರತ್ನಾವತಿ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಸೋಫಾದ ಮೇಲೆ ಕುಸಿದು, ಮುಡಿದ ಹೂವು ಉದುರುವಂತೆ ನಕ್ಕರು. "ಅತ್ತಿಗೆ, ಅಂದ್ರೆ ಕೋಪ ಇಲ್ಲ ತಾನೇ?" ಎಂದು ಪ್ರೊಫೆಸರರು ಕೇಳುವಷ್ಟರಲ್ಲಿ ಮೊಬೈಲು ಮತ್ತೆ ಕೂಗಿತು. ಪ್ರಾಂಶುಪಾಲರು!

"ಗಂಗಾಧರ್, ಮಿಕ್ಕ ಇಬ್ಬರು ಸದಸ್ಯರು ಮುಖ ಊದಿಸಿಕೊಂಡಿದಾರೆ. ಅವರಿಗೆ ಬರೀ ಹಣ್ಣು, ಶಾಲು ಯಾಕೆ ಅಂತ. ನಾಳೆ ರಜೆ ಆದ್ರೂ ವರದಿಗೆ ಸಹಿ ಆಗುತ್ತೆ, ಅದಕ್ಕೆ ಮುಂಚೆ ಅವರಿಗೂ ಆ ಅತ್ಯುನ್ನತ ಗೌರವ ಸಲ್ಲಲೇಬೇಕು. ಅಂದಹಾಗೆ, ಅಧ್ಯಕ್ಷರ ಬಳೆ ಕೈಗೆ ಹತ್ತಲಿಲ್ಲವಂತೆ. ಇವರಿಗೆ ದೊಡ್ಡದು ತನ್ನಿ!"

ಅರ್ಧ ಗಂಟೆಯಲ್ಲಿ ಪ್ರೊಫೆಸರರು ರಂಗನಾಥನ್ ಬೀದಿಯ ಬಳೆ ಅಂಗಡಿಯಲ್ಲಿದ್ದರು. ಅವರೊಬ್ಬರನ್ನೇ ಕಳಿಸಲು ಧೈರ್ಯವಾಗದೆ ಅಕ್ಕತಂಗಿಯರೂ ಕೈ ಕೈ ಹಿಡಿದುಕೊಂಡು ಬಂದಿದ್ದರು.

"ವಳೈಕಾಪ್ಪಾ ಸಾರ್?" ಎಂದ ಅಂಗಡಿಯವನು. ಬಸುರಿಗೆ ಬಳೆ ತೊಡಿಸುವ ಶಾಸ್ತ್ರವೇ ಎಂದು ಅವನ ಸಂದೇಹ. "ಯಾರುಕ್ಕು?"

"ಇಬ್ಬರಿಗೆ," ಎಂದರು ಪ್ರೊಫೆಸರರು ಹರಕು ತಮಿಳಿನಲ್ಲಿ. "ಇಬ್ಬರಿಗೂ ಮೀಸೆ ಇದೆ."

"ಅಳತೆಗೆ ಇವರ ಕೈ ಹಿಡ್ಕೊಳಪ್ಪಾ," ಎಂದರು ಸರಸ. ಅಂಗಡಿಯವನು ಪ್ರೊಫೆಸರರ ಗೆಣ್ಣುಗಳನ್ನು ಹಿಸುಕಿ ಹಿಸುಕಿ, ಅವರು ಹಾ ಹಾ ಎನ್ನುವಷ್ಟರಲ್ಲಿ ಎರಡು ಹಸಿರು ಬಳೆಗಳನ್ನು ಏರಿಸಿಯೇಬಿಟ್ಟ. ಏರಿದವು. ಇಳಿಯಲಿಲ್ಲ. ಎಣ್ಣೆ ಬಂತು, ಸೋಪು ಬಂತು, ಸುತ್ತ ಜನವೂ ಬಂದರು. ಅಂಗಡಿಯವನು ಬೆವರೊರೆಸಿಕೊಂಡು ಪುಟ್ಟ ಸುತ್ತಿಗೆಗೆ ಕೈಹಾಕಿದ.

"ಹಬ್ಬದ ದಿನ ಬಳೆ ಒಡೀಬಾರ್ದು!"

ಒಂದೂವರೆ ವರ್ಷದಲ್ಲಿ ಅಕ್ಕತಂಗಿಯರು ಒಕ್ಕೊರಲಿನಿಂದ ಆಡಿದ ಮೊದಲ ಮಾತು ಅದು. ಮರುದಿನವೂ ಹಬ್ಬವೇ ತಾನೇ? ಗಣಪತಿಯದು. ಸಮಿತಿಯನ್ನು ಬೀಳ್ಕೊಡಲು ಪ್ರೊಫೆಸರರು ತುಂಬು ತೋಳಿನ ಶರಟು ತೊಟ್ಟು ಹೋದರು, ಮತ್ತು ಯಾರ ಭಾಷಣಕ್ಕೂ ಚಪ್ಪಾಳೆ ತಟ್ಟಲಿಲ್ಲ.