ಕೇಕಿನ ಮೇಲೆ ಹಿಡಿಸದ ಪದ

ಬಾಯಿಂದ ಜಾರಿದ ಒಂದೇ ಒಂದು ಪದ ಹೋರೇಸ್ ಟನ್ನಿಕ್ಲಿಫ್‌ನ ಶನಿವಾರವನ್ನು ಹಾಳುಮಾಡಿತು.

ಡರ್ಬಿಶೈರ್‌ನ ಪುಟ್ಟ ಪೇಟೆಯೊಂದರಲ್ಲಿ ಅವನದು ಬೂಟು ಹೊಲಿದು ಮಾರುವ ಅಂಗಡಿ. ಹೆಂಡತಿ ಮಕ್ಕಳಿರಲಿಲ್ಲ, ಪದಗಳಿದ್ದವು. ಯಾರೂ ಬಳಸದ ಇಂಗ್ಲಿಷ್ ಪದವೊಂದು ಕಾದಂಬರಿಯಲ್ಲಿ ಸಿಕ್ಕರೆ ಪೆಪ್ಪರ್‌ಮಿಂಟಿನಂತೆ ದವಡೆಯಲ್ಲಿಟ್ಟುಕೊಂಡು ದಿನವೆಲ್ಲ ಚೀಪುತ್ತಿದ್ದ. ಆ ಸುಖ ಹಂಚಿಕೊಳ್ಳಲು ಅವನಿಗಿದ್ದುದು ಗ್ರಂಥಾಲಯದ ಓದುಗರ ಬಳಗವೊಂದೇ. ಅದರ ಅಧ್ಯಕ್ಷೆ ಮಿಸೆಸ್ ಬ್ಯಾಗ್‌ಶಾ, ನಿವೃತ್ತ ಹೆಡ್‌ಮಿಸ್ಟ್ರೆಸ್. ಆಗದವರನ್ನು ಬಳಗದಿಂದ ಆಚೆಗೆ ಹಾಕಲು ಅವರು ಹುಬ್ಬೇರಿಸಿದರೆ ಸಾಕಿತ್ತು.

ಆ ಸಂಜೆ ಲಂಡನ್ನಿನಿಂದ ಕಾದಂಬರಿಕಾರ್ತಿಯೊಬ್ಬರು ಬರುವವರಿದ್ದರು. ಬೆಳಿಗ್ಗೆ ಕುರ್ಚಿ ಜೋಡಿಸುವಾಗ ಮಿಸೆಸ್ ಬ್ಯಾಗ್‌ಶಾ ಪ್ಲಂಬರ್‌ಗೆ ಪೈಪಿನ ಬಗ್ಗೆ, ಪಾದ್ರಿಗೆ ಬೈಬಲ್ಲಿನ ಬಗ್ಗೆ ಪಾಠ ಹೇಳಿ, ಕೊನೆಗೆ ಹೋರೇಸ್‌ನ ಕಡೆ ತಿರುಗಿ ಅಟ್ಟೆ ಹೊಲಿಯುವುದು ಹೇಗೆಂದು ವಿವರಿಸಿದರು.

"ಅಲ್ಟ್ರಾಕ್ರೆಪಿಡೇರಿಯನ್!" ಎಂದು ಹೋರೇಸ್ ಗೊಣಗಿದ. ತಿಳಿಯದ ವಿಷಯದಲ್ಲೆಲ್ಲ ತೀರ್ಪು ಕೊಡುವವರು ಎಂದು ಅದರರ್ಥ.

"ಏನಂದ್ರಿ?"

ಹೋರೇಸ್ ಕೈಲಿದ್ದ ಕುರ್ಚಿಯನ್ನು ಕೆಳಗಿಟ್ಟ. "ಹೊಗಳಿದೆ ಮೇಡಂ. ಅಂದ್ರೆ... ಮೇರೆನೇ ಇಲ್ಲದಷ್ಟು ತಿಳ್ಕೊಂಡವರು ಅಂತ."

"ಹೌದಾ?" ಅವರ ಮುಖ ಬಿಸಿಲಿಗಿಟ್ಟ ಬೆಣ್ಣೆಯಂತಾಯಿತು. "ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."

ಮಧ್ಯಾಹ್ನ ಎದುರು ಬೇಕರಿಯ ಲೆನ್ ಕ್ರೀಮು ಮೆತ್ತಿದ ಕೈಯಲ್ಲೇ ಅಂಗಡಿಗೆ ನುಗ್ಗಿದ.

"ಅದೇನು ಪದಾನೋ ಮಾರಾಯಾ! ಮಿಸೆಸ್ ಬ್ಯಾಗ್‌ಶಾ ಸಂಜೆಯ ಕೇಕಿನ ಮೇಲೆ ಬರೀಬೇಕು ಅಂದ್ರು. ಅರ್ಧ ಪದಕ್ಕೇ ಕೇಕು ಮುಗಿದೋಯ್ತು. ನೀನೇ ಕಲಿಸಿದ್ದಂತಲ್ಲ!"

ಹೋರೇಸ್‌ನ ಕೈಲಿದ್ದ ಬೂಟು ಗಿರಾಕಿಯ ಹೆಬ್ಬೆರಳ ಮೇಲೆ ಬಿತ್ತು. "ಬರೀಬೇಡ ಲೆನ್, ನಿನ್ನ ದಮ್ಮಯ್ಯ. ಗುಲಾಬಿ ಹೂ ಬಿಡಿಸು."

"ಅವರು ಬಿಟ್ರೆ ತಾನೇ! ಪಕ್ಕದಲ್ಲೇ ನಿಂತ್ಕೊಂಡು ಕ್ರೀಮು ಹೆಂಗೆ ಹಿಂಡಬೇಕು ಅಂತ ನನಗೇ ಹೇಳ್ಕೊಡ್ತಿದಾರೆ."

ಸಂಜೆ ಯಾರಾದರೂ ಅರ್ಥ ಕೇಳಿದರೆ? ಯಾರಾದರೂ ನಿಘಂಟು ತೆರೆದರೆ? ಹೋರೇಸ್ ಅಂಗಡಿಗೆ ಬೀಗ ಹಾಕಿ ಗ್ರಂಥಾಲಯಕ್ಕೆ ಓಡಿದ. ದಿಂಬಿನಂಥ ನಿಘಂಟನ್ನು ಎತ್ತಿ ಕೋಟಿನೊಳಗೆ ತುರುಕಿ ಗುಂಡಿ ಹಾಕಿಕೊಂಡ. ಬಾಗಿಲಲ್ಲೇ ಮಿಸೆಸ್ ಬ್ಯಾಗ್‌ಶಾ!

"ಬೆಳಿಗ್ಗೆ ಇಷ್ಟು ದಪ್ಪ ಇರ್ಲಿಲ್ವಲ್ಲ ನೀವು?"

"ಊಟ... ಸ್ವಲ್ಪ ಜಾಸ್ತಿ ಆಯ್ತು."

"ಎಲ್ಲೂ ಹೋಗ್ಬೇಡಿ. ಕಪ್ಪುಸಾಸರ್ ತೊಳೀಬೇಕು. ಸಂಜೆ ನನ್ನ ಪಕ್ಕದಲ್ಲೇ ಕೂತ್ಕೋಬೇಕು."

ಸಂಜೆ ಕೋಣೆ ತುಂಬಿತು. ಎಲ್ಲರೂ ಕೋಟು ಬಿಚ್ಚಿದರು. ಹೋರೇಸ್ ಮಾತ್ರ ಹಬೆಯಲ್ಲಿ ಬೇಯುವ ಆಲೂಗಡ್ಡೆಯಂತೆ ಕೂತಿದ್ದ. ಲೇಖಕಿ ತಮ್ಮ ಕಾದಂಬರಿಯ ಪುಟಗಳನ್ನು ಓದಿದರು. ಬೇರೆ ದಿನವಾಗಿದ್ದರೆ ಅದರಲ್ಲಿ ಮುಳುಗಿಹೋಗುತ್ತಿದ್ದವನಿಗೆ ಇಂದು ಒಂದು ವಾಕ್ಯವೂ ಕಿವಿಗೆ ಬೀಳಲಿಲ್ಲ.

ಲೆನ್ ಕೇಕು ತಂದ. ಎರಡು ಕೇಕುಗಳನ್ನು ಒಂದಕ್ಕೊಂದು ಅಂಟಿಸಿ ಹಲಗೆಯ ಮೇಲಿಟ್ಟಿದ್ದ. ಲೇಖಕಿ ಬಗ್ಗಿ ಓದಿ ನಗೆಯಾಡಿದರು. "ಅಬ್ಬಾ, ಈ ಪದ ನೋಡಿ ಎಷ್ಟು ಕಾಲ ಆಯ್ತು! ಯಾರು ಇವರು, ಈ ಭಾಗ್ಯವಂತರು?"

ಹೋರೇಸ್ ಕಣ್ಣು ಮುಚ್ಚಿಕೊಂಡ.

"ನಮ್ಮ ಹೋರೇಸ್," ಎಂದರು ಮಿಸೆಸ್ ಬ್ಯಾಗ್‌ಶಾ.

ಕಣ್ಣು ಬಿಟ್ಟು ನೋಡಿದ. ಉದ್ದನೆಯ ಪದದ ಕೆಳಗೆ, ಗುಲಾಬಿ ಕ್ರೀಮಿನಲ್ಲಿ, ಅವನದೇ ಹೆಸರು.

"ನನ್ನ ಮನೇಲೂ ನಿಘಂಟಿದೆ ಹೋರೇಸ್," ಮಿಸೆಸ್ ಬ್ಯಾಗ್‌ಶಾ ಅವನ ಕಿವಿಯಲ್ಲಿ ಹೇಳಿದರು. "ನೋಡ್ಕೊಂಡೇ ಬೇಕರಿಗೆ ಹೋದೆ." ಆಮೇಲೆ ಎಲ್ಲರಿಗೂ ಕೇಳುವಂತೆ, "ಎದ್ದು ನಿಂತು ಅರ್ಥ ಹೇಳಿ!"

ಎದ್ದ. ಕೋಟಿನ ಗುಂಡಿ ಕಿತ್ತುಹೋಗಿ ನಿಘಂಟು ಧೊಪ್ಪನೆ ನೆಲಕ್ಕೆ ಬಿತ್ತು.

"ಓ, ತಂದೇ ಬಿಟ್ಟಿದೀರಿ! ಹಂಗಾದ್ರೆ ಪದ ಹುಟ್ಟಿದ ಕತೇನೂ ಓದಿ. ಅದನ್ನ ನೀವು ನೋಡಿರ್ಲಿಕ್ಕಿಲ್ಲ."

ನೋಡಿರಲಿಲ್ಲ. ಪುಟ ಹುಡುಕಿ ಓದತೊಡಗಿದ. ಹಿಂದೊಬ್ಬಾತ ಚಿತ್ರಕಾರನಿಗೆ ನಿನ್ನ ಚಿತ್ರದಲ್ಲಿ ಚಪ್ಪಲಿ ಸರಿಯಿಲ್ಲ ಎಂದನಂತೆ. ಚಿತ್ರಕಾರ ತಿದ್ದಿದನಂತೆ. ಅದೇ ಹುಮ್ಮಸ್ಸಿನಲ್ಲಿ ಕಾಲೂ ಸರಿಯಿಲ್ಲ ಎಂದಾಗ, ಚಪ್ಪಲಿಯಿಂದ ಮೇಲಕ್ಕೆ ನಿನಗೇನು ಗೊತ್ತು ಎಂದು ಚಿತ್ರಕಾರ ಗದರಿದನಂತೆ.

ಹೋರೇಸ್ ಅಲ್ಲಿಗೇ ನಿಲ್ಲಿಸಿದ.

"ಯಾರಂತೆ ಆ ಮನುಷ್ಯ?" ಲೇಖಕಿ ಕೇಳಿದರು.

"ಜೋರಾಗಿ ಹೇಳಿ," ಎಂದರು ಮಿಸೆಸ್ ಬ್ಯಾಗ್‌ಶಾ.

ಹೋರೇಸ್ ನಿಘಂಟು ಮುಚ್ಚಿದ. "ಬೂಟು ಹೊಲಿಯೋನು."