ಜಾಗ ಬಿಡದ ಸಾವಿತ್ರಿಬಾಯಿ

ಮನೆಯಲ್ಲಿ ತನ್ನ ಮಾತಿಗೆ ಕಿಮ್ಮತ್ತಿಲ್ಲ ಎಂಬುದು ಶಿವಶರಣಪ್ಪನ ಮೂವತ್ತು ವರ್ಷದ ತಕರಾರು. ಹೆಂಡತಿ ಸಾವಿತ್ರಿಬಾಯಿ ತೀರಿಕೊಂಡು ಎಂಟು ತಿಂಗಳಾಯಿತು; ಈಗ ಕಂಪ್ಯೂಟರೂ ಅವಳ ಚಾಳಿಯನ್ನೇ ಹಿಡಿದಿತ್ತು.

ಗಚ್ಚಿಬೌಲಿಯಲ್ಲಿರುವ ಮಗಳು ಪಿಂಕಿ ಬೆಳಿಗ್ಗೆಯೇ ಫೋನಿನಲ್ಲಿ ಅಪ್ಪಣೆ ಮಾಡಿದ್ದಳು: "ಅಪ್ಪಾ, ಕೂಸಿನ ವಿಡಿಯೊ ಕಳಸ್ತೀನಿ, ಹಳೇದೆಲ್ಲಾ ಅಳಿಸಿ ಜಾಗಾ ಮಾಡ್ರಿ. ನಾಳೆ ತೊಟ್ಟಿಲಕ್ಕ ಶೇಂಗಾ ಹೋಳಿಗಿ ನಿಮ್ದು, ಮರೀಬ್ಯಾಡ್ರಿ."

ಮಿಯಾಪುರದ ಫ್ಲ್ಯಾಟಿನಲ್ಲಿ ಶಿವಶರಣಪ್ಪ ಅಳಿಸಲು ಕೂತ. ಪರದೆಯ ಮೂಲೆಯಲ್ಲಿ ಎಂದಿನಂತೆ ಸಾವಿತ್ರಿಬಾಯಿಯ ಹೋಳಿಗೆ ವಿಡಿಯೊ ಓಡುತ್ತಿತ್ತು. ಮುಖ ಕಾಣುವುದಿಲ್ಲ, ಬಳೆ ತೊಟ್ಟ ಕೈ, ಬಾಣಲೆ, ಮತ್ತು ಬೈಗುಳ. "ಅಲ್ರೀ, ಶೇಂಗಾ ಹುರಿಯೂಮುಂದ ಪೇಪರ್ ಓದಬ್ಯಾಡ್ರಿ, ಹೊತ್ತತಾವ!"

'ಹಳೇ ಫೋನು' ಎಂಬ ಇಡೀ ಫೋಲ್ಡರನ್ನೇ ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿದ. ತಕ್ಷಣ ನೆನಪಾಯಿತು: ಅವಳ ವಿಡಿಯೊ ತೆಗೆದದ್ದು ಆ ಫೋನಿನಲ್ಲೇ ಅಲ್ಲವೆ? ಆದರೆ ಪರದೆಯಲ್ಲಿ ಸಾವಿತ್ರಿಬಾಯಿ ಬೈಯುತ್ತಲೇ ಇದ್ದಳು. ಹೋಗಿಲ್ಲ ಬಿಡು ಎಂದುಕೊಂಡ.

ಖಾಲಿ ಜಾಗ ಮಾತ್ರ ಎಳ್ಳಷ್ಟೇ ಹೆಚ್ಚಿತು. ಪಂಢರಾಪುರದ ಯಾತ್ರೆ ಅಳಿಸಿದ, ತನ್ನ ನಿವೃತ್ತಿಯ ಸನ್ಮಾನವನ್ನೂ (ಶಾಲು, ಹಾರ ಸಮೇತ) ಬಲಿಕೊಟ್ಟ. ಊಹೂಂ, ಸಾಲಲಿಲ್ಲ. ಮಗಳಿಗೆ ಫೋನು ಹಚ್ಚಿದ.

"ಯಾವ್ದರ ವಿಡಿಯೊ ಓಡಾಕತ್ತೈತೇನ್ರಿ?"

"ಏನೂ ಇಲ್ಲವಾ." ಜನ್ಮವಿಡೀ ಯಾವ ಬೈಗುಳಕ್ಕೆ ಗೋಳಾಡಿದನೋ ಅದನ್ನೇ ದಿನಾ ಹಚ್ಚಿಕೊಂಡು ಕೂರುತ್ತೇನೆ ಎನ್ನಲು ನಾಚಿಕೆ.

"ಓಡೂ ಫೈಲ್ ಅಳಿಸಿದ್ರ ಬರೇ ಹೆಸರು ಹೋಗ್ತೈತಿ, ಅದು ಜಾಗಾ ಬಿಡಂಗಿಲ್ರಿ. ಬಂದ್ ಮಾಡಿದ್ರನ ಪೂರ್ತಿ ಹೋಗೂದು. ಎಲ್ಲಾ ಬಂದ್ ಮಾಡಿ ನೋಡ್ರಿ."

ಶಿವಶರಣಪ್ಪ ವಾಡಿಕೆಯಂತೆ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡ. ಎಲ್ಲಾ ಬಂದ್ ಮಾಡಿದ. ಆಹಾ! ಖಾಲಿ ಜಾಗ ಒಮ್ಮೆಲೇ ಜಿಗಿಯಿತು. "ಕಡೀಗೂ ನನ್ನ ಮಾತು ಕೇಳ್ತು!" ಎಂದು ಬೀಗುತ್ತಾ ಒಲೆಯ ಮೇಲೆ ಶೇಂಗಾ ಇಟ್ಟು, ಮುಂದಿನದು ಕೇಳೋಣವೆಂದು ವಿಡಿಯೊ ಹುಡುಕಿದ.

ಇರಲಿಲ್ಲ. ಫೋಲ್ಡರೂ ಇಲ್ಲ, ಬುಟ್ಟಿಯೂ ಬರಿದು. ಶಿವಶರಣಪ್ಪ ಕೂತಲ್ಲೇ ಅತ್ತುಬಿಟ್ಟ. ಅವಳು ಸತ್ತ ದಿನವೂ ಇಷ್ಟು ಅತ್ತಿರಲಿಲ್ಲ.

ಫೋನು ಬಡಿದುಕೊಂಡಿತು. "ಜಾಗಾ ಆತೇನ್ರಿ ಅಪ್ಪಾ?"

"ಆತವಾ. ಪಿಂಕೀ, ಒಂದು ಸೇರು ಶೇಂಗಾಕ್ಕ ನಿಮ್ಮವ್ವ ಬೆಲ್ಲ ಎಷ್ಟು ಹಾಕತಿದ್ಲು?"

"ನಂಗೇನು ಗೊತ್ರಿ? ಅವ್ವನ ವಿಡಿಯೊ ಐತಲ್ಲ, ಹಚ್ಚಿ ಕೇಳ್ರಿ."

"ಹೂಂ ಬಿಡವಾ, ಕೇಳಾಕತ್ತೀನಿ," ಎಂದ.

ಅಡುಗೆಮನೆಯಿಂದ ಶೇಂಗಾ ಹೊತ್ತಿದ ವಾಸನೆ ಬರುತ್ತಿತ್ತು. ಬೈಯುವವರು ಯಾರೂ ಇರಲಿಲ್ಲ.