ನಮ್ಮೂರ ಸೈಕಲ್ ದಾರಿಯ ಫಜೀತಿಗಳು

ದಾರಿ ಮಾಡಿ ಮುಗಿಸಿದರೆ ಪಟ್ಟಣ ಪಂಚಾಯಿತಿ ಎಂಜಿನಿಯರಾದ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾಗಿದ್ದೇ ಆಮೇಲೆ. ಈಗಲೂ ಫೋನ್ ಹೊಡೆದುಕೊಂಡು, ಆ ಕಡೆಯಿಂದ "ಮೇಡಂ, ಸೈಕಲ್ ದಾರೀಲಿ..." ಅಂತ ಯಾರಾದರೂ ಶುರುಮಾಡಿದರೆ ಮೊದಲು ಎದೆ ಧಸಕ್ಕೆನ್ನುತ್ತದೆ, ಪೂರ್ತಿ ಕೇಳಿದ ಮೇಲೆ ನಗು ಬರುತ್ತದೆ. ಇಷ್ಟು ವರ್ಷದಲ್ಲಿ ಹೆಚ್ಚುಕಮ್ಮಿ ಎಲ್ಲ ಸಲವೂ ನಗುವಿನಲ್ಲೇ ಮುಗಿದಿದೆ. ಅದೇ ನನ್ನ ಪುಣ್ಯ.

ನೆಲಮಂಗಲ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಮೊದಲೆಲ್ಲ ಶಾಲೆಗೆ ಹೋಗುವ ಮಕ್ಕಳೂ, ಸೋಂಪುರದ ಫ್ಯಾಕ್ಟರಿಗಳಿಗೆ ಹೋಗುವವರೂ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಮಧ್ಯೆಯೇ ಸೈಕಲ್ ತುಳಿಯಬೇಕಿತ್ತು. ಸಂಜೆ ಶಾಲೆ ಬಿಡುವ ಹೊತ್ತಿಗೆ ಅಮ್ಮಂದಿರೆಲ್ಲ ಬಾಗಿಲಲ್ಲಿ ನಿಂತಿರುತ್ತಿದ್ದರು. ಮಕ್ಕಳ ಸೈಕಲ್ ಬೆಲ್ ಕೇಳಿಸಿದ ಮೇಲೇ ಒಳಗೆ ಹೋಗಿ ಒಲೆ ಹಚ್ಚೋರು. ಹಾಗೆ ನಿಲ್ಲುವವರಲ್ಲಿ ನಾನೂ ಒಬ್ಬಳಾಗಿದ್ದೆ, ನನ್ನ ಮಗಳೂ ಅದೇ ರಸ್ತೆಯಲ್ಲಿ ಬರಬೇಕಿತ್ತು. ಹಾಗಾಗಿ ಕೆರೆ ಪಕ್ಕದಲ್ಲಿ ಸೈಕಲ್‌ಗೆಂದೇ ಒಂದು ದಾರಿ ಮಾಡಿ ಅಂತ ಮೇಲಿನಿಂದ ಅನುಮತಿ ಬಂದ ದಿನ ನಾನು ಕಚೇರಿಗೆಲ್ಲ ಮೈಸೂರುಪಾಕು ಹಂಚಿದ್ದೆ.

ಕಂಬದ ಕಥೆ

ದಾರಿ ತೆರೆದ ವಾರದಲ್ಲೇ ಬೈಕುಗಳು ನುಗ್ಗತೊಡಗಿದವು. ಎರಡೂ ತುದಿಯಲ್ಲಿ ಕಬ್ಬಿಣದ ಕಂಬ ನೆಡಿಸಿದೆವು. ಮಾರನೇ ಬೆಳಿಗ್ಗೆ ನೋಡೋಣ ಅಂತ ಹೋದರೆ ಅಲ್ಲಿ ದೊಡ್ಡ ಗಲಾಟೆ. ಸೈಕಲ್ಲಿನ ಎರಡೂ ಪಕ್ಕ ಹಾಲಿನ ಕ್ಯಾನ್ ನೇತುಹಾಕಿಕೊಂಡು ಬಂದಿದ್ದ ಹಾಲಿನವನೊಬ್ಬ ಕಂಬಗಳ ಮಧ್ಯೆ ಸಿಕ್ಕಿಹಾಕಿಕೊಂಡಿದ್ದ. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಹಿಂದೆ ನಿಂತ ನಾಲ್ಕೈದು ಜನ ಎಳೆಯುತ್ತಿದ್ದಾರೆ, ಮುಂದೆ ನಿಂತವರು ತಳ್ಳುತ್ತಿದ್ದಾರೆ. ಅಷ್ಟರಲ್ಲಿ ಬೈಕಿನವನೊಬ್ಬ ಬಂದ. ಪಕ್ಕದ ಕಂಬಗಳ ಸಂದಿಯಲ್ಲಿ ಹ್ಯಾಂಡಲ್ ಸ್ವಲ್ಪ ಓರೆ ಮಾಡಿ ಸಲೀಸಾಗಿ ತೂರಿಕೊಂಡು ಹೋಗೇಬಿಟ್ಟ.

ಹಾಲಿನವನು ನನ್ನನ್ನು ನೋಡಿ ಕೈ ಮುಗಿದ. "ಮೇಡಮ್ಮೋರೇ, ಸೈಕಲ್ ದಾರಿ ಮಾಡ್ಕೊಟ್ರಿ, ಭಾಳ ಸಂತೋಷ. ಈಗ ಇದ್ರೊಳಗೆ ಹೋಗೋಕೆ ನಂಗೂ ಒಂದು ಬೈಕ್ ಕೊಡ್ಸಿ."

ರಾಗಿ ಒಕ್ಕಣೆ

ಸುಗ್ಗಿ ಬಂತು. ಕಣ ಮಾಡೋಕೆ ಸಗಣಿ ಸಾರಿಸುವ ಕಷ್ಟ ಯಾರಿಗೆ ಬೇಕು? ಒಂದು ಬೆಳಿಗ್ಗೆ ರೈತರೊಬ್ಬರು ನಮ್ಮ ನುಣ್ಣನೆಯ ದಾರಿಯ ಉದ್ದಕ್ಕೂ ರಾಗಿ ತೆನೆ ಹರಡಿಬಿಟ್ಟಿದ್ದರು. ನಾನು ಓಡಿದೆ.

"ಏನಣ್ಣಾ ಇದು? ಮಕ್ಕಳು ಓಡಾಡೋ ಜಾಗ!"

"ಮಕ್ಕಳೇ ಬೇಕಾಗಿರೋದು ಮೇಡಂ. ಲಾರಿ ಹತ್ತಿದ್ರೆ ಕಾಳು ಪುಡಿಯಾಗುತ್ತೆ. ಸೈಕಲ್ ಆದ್ರೆ ಹದವಾಗಿ ಉದುರುತ್ತೆ. ನೋಡಿ, ನೀವು ಬಳಿದಿರೋ ಬಿಳಿ ಗೆರೆ ದಾಟಿ ಒಂದು ತೆನೆ ಆಚೆಗೆ ಹಾಕಿದೀನಾ?"

ಹಾಕಿರಲಿಲ್ಲ, ನಿಜ. ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ತೆಗೆಯಿರಿ ಅಂತ ನಾನು ಹೇಳುತ್ತಿದ್ದಂತೆಯೇ ಶಾಲೆಯ ಹುಡುಗಿಯರ ಗುಂಪು ಬಂತು. ಮುಂದಿದ್ದವಳು ನನ್ನ ಮಗಳೇ. "ಅಮ್ಮಾ!" ಅಂತ ಕೈ ಬೀಸಿದಳು. ಕೈ ಬೀಸಿದ್ದೇ ತಡ, ಸೈಕಲ್ ಸರ್ರನೆ ಜಾರಿ ಧೊಪ್ಪೆಂದು ಬಿದ್ದಳು. ಹೋಗಿ ಎತ್ತಿ, ಕೈ ಕಾಲು ಮೊಣಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಒಂದು ತರಚುಗಾಯವೂ ಇಲ್ಲ. ಜಡೆ ತುಂಬ ರಾಗಿ ಹುಲ್ಲು ಸಿಕ್ಕಿಸಿಕೊಂಡು ಅವಳು ಕಿಸಿಕಿಸಿ ನಗುತ್ತಿದ್ದಳು. ನಾನು ಅಲ್ಲೇ ಕೂತು ಒಂದೊಂದೇ ಹುಲ್ಲು ಬಿಡಿಸತೊಡಗಿದೆ.

ರೈತರು ಹತ್ತಿರ ಬಂದು ಸಮಾಧಾನವಾಗಿ ಅಂದರು: "ನೋಡಿದ್ರಾ ಮೇಡಂ? ಹುಲ್ಲಿತ್ತು, ಅದ್ಕೇ ಮಗೂಗೆ ಏಟಾಗ್ಲಿಲ್ಲ."

ಪಂಕ್ಚರ್

ಒಂದು ಬೇಸಿಗೆಯಲ್ಲಿ ದಾರಿಗೆ ಹೋದವರ ಸೈಕಲ್ಲೆಲ್ಲ ಪಂಕ್ಚರ್. ದಾರಿಯ ಬಾಯಲ್ಲೇ ಹೊಸದಾಗಿ ಒಂದು ಪಂಕ್ಚರ್ ಅಂಗಡಿ ಆಗಿತ್ತು. ಊರು ಸುಮ್ಮನಿರುತ್ತದೆಯೇ? "ಇವನೇ ಮೊಳೆ ಹಾಕ್ತಿರೋದು" ಅಂತ ಗುಸುಗುಸು ಶುರುವಾಯಿತು. ಪಾಪ, ಆ ಅಂಗಡಿಯವನು ನನ್ನ ಕಚೇರಿಗೆ ಬಂದು ಕಣ್ಣೀರು ಹಾಕಿಕೊಂಡ. "ಮೇಡಂ, ದೇವ್ರಾಣೆ ನಾನಲ್ಲ. ನನ್ ಹೆಂಡ್ತಿ ಕೂಡ ನಂಬ್ತಿಲ್ಲ. ಏನಾದ್ರೂ ಮಾಡಿ ಮರ್ಯಾದೆ ಉಳಿಸಿ."

ನಾನೂ ನಮ್ಮ ಪೌರಕಾರ್ಮಿಕರ ಮೇಸ್ತ್ರಿಯೂ ಹೋಗಿ ದಾರಿಯುದ್ದಕ್ಕೂ ಬಗ್ಗಿ ನೋಡಿಕೊಂಡು ಬಂದೆವು. ಮೊಳೆ ಒಂದೂ ಇಲ್ಲ. ಇದ್ದಿದ್ದೆಲ್ಲ ಜಾಲಿ ಮುಳ್ಳು. ಮೇಕೆ ಕಾಯುವ ಒಬ್ಬ ತಾತ ದಿನಾ ಮಧ್ಯಾಹ್ನ ಕೆರೆಯಂಗಳದ ಜಾಲಿ ಕೊಂಬೆ ಕಡಿದು, ಚೊಕ್ಕಟವಾಗಿದೆ ಅಂತ ನಮ್ಮ ದಾರಿಯ ಮೇಲೇ ಮೇಕೆಗಳಿಗೆ ಬಡಿಸುತ್ತಿದ್ದ. ಅವನಿಗೆ ಬೇರೆ ಜಾಗ ತೋರಿಸಿ, ದಾರಿಯನ್ನು ದಿನಾ ಬೆಳಿಗ್ಗೆ ಗುಡಿಸುವ ಏರ್ಪಾಡು ಮಾಡಿದೆವು. ಪಂಕ್ಚರ್ ನಿಂತೇಹೋಯಿತು. ಅಂಗಡಿಯವನ ಹೆಸರಿಗೆ ಹತ್ತಿದ್ದ ಮಸಿ ತೊಳೆದುಹೋಯಿತು. ಜನ ಅವನನ್ನು ನಿಲ್ಲಿಸಿ ಟೀ ಕುಡಿಸಿದರು.

ಸ್ವಲ್ಪ ದಿನ ಬಿಟ್ಟು ಅತ್ತ ಹೋದಾಗ ಅಂಗಡಿ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. "ಏನಪ್ಪಾ, ಈಗ ನೆಮ್ಮದಿ ತಾನೇ?" ಅಂದೆ.

"ನೆಮ್ಮದಿ ಮೇಡಂ. ಮರ್ಯಾದೆ ಪೂರ್ತಿ ವಾಪಸ್ ಬಂತು." ಸುತ್ತ ನೋಡಿ ದನಿ ತಗ್ಗಿಸಿದ. "ಆ ತಾತಂಗೆ... ವಾರಕ್ಕೊಂದಿನ ಆದ್ರೂ ಬರೋಕೆ ಹೇಳೋಕಾಗುತ್ತಾ?"

ಚುನಾವಣೆ

ಆ ವರ್ಷ ಊರಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಸೈಕಲ್ ಗುರುತು ಸಿಕ್ಕಿಬಿಟ್ಟಿತು. ಸಾಯಂಕಾಲಕ್ಕೆ ಎದುರಾಳಿ ನನ್ನ ಮೇಜಿನ ಮುಂದೆ ಹಾಜರು.

"ಮೇಡಂ, ಊರ ತುಂಬಾ ಅವನ ಗುರುತು ಬರೆಸಿದೀರಲ್ಲ, ಇದು ನ್ಯಾಯಾನಾ?"

ದಾರಿಯ ಮೇಲೆ ಬಳಿದ ಸೈಕಲ್ ಚಿತ್ರಗಳ ಮಾತು ಅದು. ವಾದ ಮಾಡಿ ಫಲವಿಲ್ಲ ಅಂತ ಎಲ್ಲ ಚಿತ್ರದ ಮೇಲೂ ಸುಣ್ಣ ಬಳಿಸಿದೆ. ಕಂಬಗಳನ್ನು ಹಾಲಿನವನ ಫಜೀತಿ ಆದ ಮೇಲೆಯೇ ಕೀಳಿಸಿದ್ದೆವು. ಚಿತ್ರ ಮರೆಯಾಗಿದ್ದೇ ತಡ, ಇದು ಮಾಮೂಲಿ ರಸ್ತೆ ಅಂದುಕೊಂಡು ಆಟೋ, ಬೈಕು ಎಲ್ಲ ಒಳಗೆ ಬಂದವು. ಮಕ್ಕಳಿಗೆ ಅಪಾಯವಾಗುತ್ತದಲ್ಲ ಅಂತ ಹೆದರಿ, ದಾರಿಯ ಬಾಯಲ್ಲಿ ದಪ್ಪ ಅಕ್ಷರದಲ್ಲಿ "ಸೈಕಲ್‌ಗೆ ಮಾತ್ರ" ಅಂತ ಬರೆಸಿದೆ. ಒಂದು ಗಂಟೆಯೂ ಆಗಿರಲಿಲ್ಲ, ಎದುರಾಳಿ ಏದುಸಿರು ಬಿಡುತ್ತಾ ಮತ್ತೆ ಬಂದ.

"ಏನ್ ಮೇಡಂ ಇದು? ಮೊದಲಾದ್ರೂ ಬರೀ ಚಿತ್ರ ಇತ್ತು. ಈಗ ಓಟು ಸೈಕಲ್‌ಗೆ ಮಾತ್ರ ಹಾಕಿ ಅಂತ ನೀವೇ ಹೇಳಿದಂಗಾಯ್ತಲ್ಲ!"

ಅದನ್ನೂ ಅಳಿಸಿದೆವು. ನಮ್ಮ ಕಚೇರಿಯವರೆಲ್ಲ ತಲೆ ಕೆರೆದುಕೊಂಡು, ಸೈಕಲ್ ಅನ್ನುವ ಪದವೇ ಬರದ ಹಾಗೆ ಹೊಸ ಬೋರ್ಡ್ ಬರೆಸಿದೆವು: "ಎರಡು ಚಕ್ರವಿರುವ, ಎಂಜಿನ್ ಇಲ್ಲದ, ಕಾಲಿನಿಂದ ತುಳಿಯುವ ಯಂತ್ರಕ್ಕೆ ಮಾತ್ರ ಪ್ರವೇಶ." ಯಾರೂ ತಕರಾರು ತೆಗೆಯಲಿಲ್ಲ. ಅಬ್ಬಾ, ಮುಗಿಯಿತು ಅಂತ ಕುರ್ಚಿಗೆ ಒರಗಿದೆ.

ಮಾರನೇ ದಿನ ನಮ್ಮೂರ ಟೈಲರ್ ಬಂದು ವಿನಯವಾಗಿ ಕೇಳಿದರು: "ಮೇಡಂ, ಬೋರ್ಡ್ ಓದಿದೆ. ನನ್ ಹೊಲಿಗೆ ಮಿಷನ್ನಿಗೂ ಮೇಲೊಂದು ಕೆಳಗೊಂದು ಚಕ್ರ ಇದೆ, ಎಂಜಿನ್ ಇಲ್ಲ, ತುಳಿಯೋದೂ ಕಾಲಲ್ಲೇ. ದಾರಿ ಮೇಲೆ ಇಟ್ಕೊಂಡು ಕೂರಬಹುದಾ? ಅಲ್ಲಿ ನೆರಳು ಚೆನ್ನಾಗಿದೆ."

ಅಜ್ಜಿ ಸವಾರಿ

ಈಗ ಹೇಳುವುದನ್ನು ನೆನೆಸಿಕೊಂಡರೆ ಇವತ್ತಿಗೂ ನಗು ತಡೆಯೋಕಾಗುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಿಂದಿನ ಬೀದಿಯವರೊಬ್ಬರು ಬನಿಯನ್ನಿನಲ್ಲೇ ಓಡಿಬಂದರು. "ಮೇಡಂ, ನಮ್ಮವ್ವ ಕಾಣಿಸ್ತಿಲ್ಲ! ಮಗನ ಸೈಕಲ್ಲೂ ಇಲ್ಲ!"

ಅವರ ತಾಯಿಗೆ ಎಪ್ಪತ್ತು ದಾಟಿತ್ತು. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ ಹೊಡೆಯುತ್ತಿದ್ದರಂತೆ. ಈ ದಾರಿ ಆದಾಗಿನಿಂದ "ಒಂದ್ಸಲ ಹೊಡೀತೀನಿ ಕಣ್ರೋ" ಅಂತ ಮನೆಯಲ್ಲಿ ಕೇಳುತ್ತಲೇ ಇದ್ದರಂತೆ. ಎಲ್ಲರೂ ನಕ್ಕು ಸುಮ್ಮನಾಗಿದ್ದರು. ನನಗೆ ತಕ್ಷಣ ಸರ್ವಿಸ್ ರಸ್ತೆಯ ಲಾರಿಗಳು ಕಣ್ಣ ಮುಂದೆ ಬಂದವು. ಓಡಿಬಂದಿದ್ದ ಮಗನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೆ. ಹಿಂದೆ ಕೂತವರು ದಾರಿಯುದ್ದಕ್ಕೂ ಶಿವಗಂಗೆಯ ದೇವರಿಗೆ ಹರಕೆ ಹೊರುತ್ತಿದ್ದರು.

ಕೆರೆ ಹತ್ತಿರ ಬಂದರೆ ವಾಕಿಂಗ್‌ಗೆ ಬಂದ ಜನವೆಲ್ಲ ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. ಸೀರೆ ಕಚ್ಚೆ ಹಾಕಿಕೊಂಡು, ಮೊಮ್ಮಗನ ಎತ್ತರದ ಸೈಕಲ್ ಮೇಲೆ ನೆಟ್ಟಗೆ ಕೂತು ಅಜ್ಜಿ ಬರ್ರನೆ ಬರುತ್ತಿದ್ದಾರೆ! ಜೀವ ಬಂದಂತಾಯಿತು. ಮಗ ಅಲ್ಲೇ ಕಣ್ಣೊರೆಸಿಕೊಂಡರು.

ಅಜ್ಜಿ ನಮ್ಮನ್ನು ದಾಟುವಾಗ ಏನೋ ಕೂಗಿದರು. ಜನ "ಸೂಪರ್ ಅಜ್ಜೀ!" ಅಂತ ಶಿಳ್ಳೆ ಹೊಡೆದರು. ದಾರಿಯ ತುದಿಯಲ್ಲಿ ತಿರುಗಿಸಿಕೊಂಡು ವಾಪಸ್ ಬರುವಾಗ ನಾನು ಕಿವಿಗೊಟ್ಟು ಕೇಳಿದೆ.

"ಇಳ್ಸ್ರೋ! ಯಾರಾದ್ರೂ ಇಳ್ಸ್ರೋ!"

ಆಗ ಗೊತ್ತಾಯಿತು. ಅಜ್ಜಿ ಮನೆಯ ಜಗುಲಿ ಮೇಲಿಂದ ಸೈಕಲ್ ಹತ್ತಿದ್ದರು. ನೆಲಕ್ಕೆ ಕಾಲು ಎಟುಕುತ್ತಿರಲಿಲ್ಲ. ನಿಲ್ಲಿಸಿದರೆ ಬೀಳುತ್ತಾರೆ. ಹಾಗಾಗಿ ಬೆಳಕು ಹರಿದಾಗಿನಿಂದ ಆ ತುದಿಗೂ ಈ ತುದಿಗೂ ತುಳಿಯುತ್ತಲೇ ಇದ್ದಾರೆ. ಮಗ ಪಕ್ಕದಲ್ಲಿ ಓಡಿ ಹಿಡಿಯಲು ಹೋದರೆ, "ಮುಟ್ಬೇಡ್ವೋ, ಬೀಳಿಸ್ಬಿಡ್ತೀಯ!" ಅಂತ ಬೈದರು.

ನಾನು ಟೀ ಅಂಗಡಿಗೆ ನುಗ್ಗಿದೆ. "ಏಳ್ರಪ್ಪಾ, ಏಳಿ!" ಅಂತ ಬೆಂಚಿನ ಮೇಲಿದ್ದವರನ್ನೆಲ್ಲ ಎಬ್ಬಿಸಿದೆ. ಅವರು ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಬೆಂಚು ಹಿಡಿದು ಬಂದರು. ದಾರಿಯ ಅಂಚಿಗೆ ಬೆಂಚು ಇಟ್ಟು ಎರಡೂ ಕಡೆ ಒತ್ತಿ ಹಿಡಿದೆವು. ಅಜ್ಜಿ ಬಂದರು, ಬ್ರೇಕ್ ಒತ್ತಿದರು, ಕಾಲು ಚಾಚಿ ಬೆಂಚಿನ ಮೇಲಿಟ್ಟು ಮಹಾರಾಣಿ ಹಾಗೆ ನಿಂತರು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು.

ಮಗ ಕೂಗಾಡಿದರು. "ಏನವ್ವಾ ನಿಂದು! ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

ಅಜ್ಜಿ ಯಾರದೋ ಕೈಯಿಂದ ಟೀ ಲೋಟ ಇಸಿದುಕೊಂಡು ಒಂದು ಗುಟುಕು ಕುಡಿದು, ನನ್ನ ಕಡೆ ಕೈ ತೋರಿಸಿದರು.

"ತಪ್ಪೆಲ್ಲಾ ಇವಳದ್ದು ಕಣೋ. ಹೆಂಗೆ ಮಾಡ್ಸವ್ಳೆ ನೋಡು ದಾರೀನ! ಲಾರಿ ಇಲ್ಲ, ಹಳ್ಳ ಇಲ್ಲ, ಒಂದು ದನಾನೂ ಅಡ್ಡ ಬರ್ಲಿಲ್ಲ. ನಿಲ್ಲೋಕೆ ಒಂದು ನೆಪಾನಾದ್ರೂ ಬೇಡ್ವೇನವ್ವಾ?"